ಮೀನು ಮಿನುಗುತ್ತೆ, ಹೆಸರೂ ಅಲ್ಲಿಂದಲೇ ಬಂತಾ?

ಶೃಂಗೇರಿ, ಕೊಪ್ಪದ ಕಡೆ ಮೊದಲ ಮಳೆ ಜೋರಾಗಿ ಹಿಡಿದರೆ ಮೀನುಗಳು ಮೊಟ್ಟೆ ಇಡಲು ಹಳ್ಳದಿಂದ ಗದ್ದೆಗೆ ಹತ್ತಿ ಬರುತ್ತವೆ. ಅದಕ್ಕೇ ಅವು ಹತ್ತುಮೀನು. ರಾತ್ರಿ ಬ್ಯಾಟರಿ ಬಿಟ್ಟರೆ ಕೆಸರು ನೀರಲ್ಲಿ ಮೊದಲು ಕಾಣೋದು ಮೈಯಲ್ಲ, ಫಳಕ್ ಅನ್ನೋ ಹೊಳಪು.

ಮಿನುಗು, ಮಿಂಚು, ಮೀನು. ಮೂರನ್ನೂ ಒಟ್ಟಿಗೆ ಹೇಳಿ ನೋಡಿ. ಹೊಳೆಯುವುದು ಎಂಬ ಅರ್ಥದ 'ಮಿನ್' ಎಂಬ ಹಳೆಯ ದ್ರಾವಿಡ ಬೇರಿನಿಂದಲೇ ಮೀನು ಬಂದಿರಬೇಕು ಅನ್ನೋದು ಅನೇಕ ವಿದ್ವಾಂಸರ ಊಹೆ. ಊಹೆ ಅಷ್ಟೇ, ರುಜುವಾತಾಗಿಲ್ಲ, ಆದರೂ ನನಗೆ ಇದು ಬಹಳ ಒಪ್ಪುತ್ತದೆ. ಪದವಂತೂ ತುಂಬಾ ಹಳೆಯದು. ತಮಿಳು, ತೆಲುಗು, ತುಳು, ಕೊಡವದಲ್ಲಿ ಮಾತ್ರವಲ್ಲ, ದೂರದ ಜಾರ್ಖಂಡ್‌ನ ರಾಜಮಹಲ್ ಬೆಟ್ಟಗಳ ಮಾಲ್ಟೋ ಭಾಷೆಯಲ್ಲೂ ಮೀನು ಅಂದರೆ ಮೀನೇ!

ಹೊಳಪು ಬರೋದು ಎಲ್ಲಿಂದ? ಹುರುಪೆಯಿಂದ ಅಂದುಕೊಳ್ಳುತ್ತೇವೆ, ಆದರೆ ಹುರುಪೆ ಹೆಚ್ಚುಕಡಿಮೆ ಪಾರದರ್ಶಕ. ಚರ್ಮದ ಕೆಲವು ಜೀವಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ತೆಳ್ಳನೆಯ ಹರಳುಗಳು ಪದರ ಪದರವಾಗಿ ಕೂತಿರುತ್ತವೆ, ಒಂದೊಂದು ಪದರವೂ ಸ್ವಲ್ಪ ಸ್ವಲ್ಪ ಬೆಳಕನ್ನು ವಾಪಸ್ ಕಳಿಸಿ, ಎಲ್ಲಾ ಸೇರಿ ಕನ್ನಡಿಯಂತಾಗುತ್ತದೆ. ಇದೇ ಗ್ವಾನಿನ್ ನಮ್ಮ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು. 1844ರಲ್ಲಿ ಇದು ಮೊದಲು ಸಿಕ್ಕಿದ್ದು ಗ್ವಾನೋ ಎಂಬ ಹಕ್ಕಿ ಹಿಕ್ಕೆಯ ಗೊಬ್ಬರದಲ್ಲಿ, ಹೆಸರೂ ಅದರಿಂದಲೇ.

ಸುಮ್ನೆ ಅಂದಕ್ಕಲ್ಲ ಈ ಕನ್ನಡಿ. ಸುತ್ತಲಿನ ನೀರಿನ ಬೆಳಕನ್ನೇ ಅದು ತೋರಿಸುವುದರಿಂದ ಬೇಟೆಯಾಡಲು ಬಂದವರ ಕಣ್ಣಿಗೆ ಮೀನು ಬೇಗ ಬೀಳುವುದಿಲ್ಲ. ಮೈ ವಾಲಿದಾಗ ಮಾತ್ರ ಫಳಕ್. ಕೆಸರಿನ ತಳದಲ್ಲೇ ಇರುವ ಚೇಳುಮೀನಿಗೆ ಇದರ ಅಗತ್ಯ ಕಡಿಮೆ. ಅದಕ್ಕೆ ಹುರುಪೆಯೂ ಇಲ್ಲ, ಬೆಳ್ಳಿ ಹೊಳಪೂ ಇಲ್ಲ, ಹೆಸರಲ್ಲಿ ಮಾತ್ರ ಮೀನು ಇದೆ.

ತಮಿಳಿನಲ್ಲಿ ಮೀನ್ ಅಂದರೆ ನಕ್ಷತ್ರವೂ ಹೌದು, ವಿಣ್‌ಮೀನ್ ಅಂದರೆ ಬಾನಿನ ಮೀನು. ಸಿಂಧೂ ಮುದ್ರೆಗಳಲ್ಲಿ ಪದೇ ಪದೇ ಬರುವ ಮೀನಿನ ಚಿತ್ರವನ್ನೂ ಹೀಗೇ ನಕ್ಷತ್ರ ಎಂದು ಓದಬಹುದು ಅಂತ ಇತಿಹಾಸಕಾರ ಹೆನ್ರಿ ಹೆರಾಸ್, ಆಮೇಲೆ ಫಿನ್‌ಲ್ಯಾಂಡಿನ ವಿದ್ವಾಂಸ ಆಸ್ಕೋ ಪರ್ಪೋಲ ವಾದಿಸಿದರು. ಲಿಪಿಯನ್ನು ಎಲ್ಲರೂ ಒಪ್ಪುವಂತೆ ಇನ್ನೂ ಯಾರೂ ಓದಿಲ್ಲ.

ಸಂಸ್ಕೃತದ ಹಳೆಯ ಪದ ಮತ್ಸ್ಯ. ಋಗ್ವೇದದಲ್ಲಿರುವುದು ಅದೇ. 'ಮೀನ' ದ್ರಾವಿಡದಿಂದ ಅಲ್ಲಿಗೆ ಹೋದದ್ದು ಅಂತ ಹೆಚ್ಚಿನ ಭಾಷಾತಜ್ಞರು ಹೇಳುತ್ತಾರೆ. ಹೋಗಿ ರಾಶಿಯ ಹೆಸರಾಯಿತು, ಆ ರಾಶಿ ಮತ್ತೆ ನಮ್ಮ ಮಾತಿಗೇ ಬಂತು, ನಿರ್ಧಾರ ಮಾಡದೆ ಕೂತವರಿಗೆ 'ಮೀನಮೇಷ ಎಣಿಸಬೇಡ' ಅಂತೀವಲ್ವಾ, ಅದರಲ್ಲಿರುವುದು ಈ ಮೀನನೇ.