ಖಾತೆ ಅಣ್ಣನ ಹೆಸರಿಗಾದರೆ ಮನೆ ಅಣ್ಣನದಾಯಿತೇ?

ಪ್ರಶ್ನೆ: ಸಾರ್, ನಮ್ಮ ತಂದೆ ಸ್ವಂತ ದುಡಿಮೆಯಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ್ದರು. 2009ರಲ್ಲಿ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಅಮ್ಮ ಇದ್ದಾರೆ. ಮಕ್ಕಳು ನಾವು ಮೂವರು: ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಣ್ಣ. ಅಣ್ಣನೇ ಓಡಾಡಿ ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡ. ಆಗ ನಾವು ಛಾಪಾ ಕಾಗದಕ್ಕೆ ಸಹಿ ಹಾಕಿಕೊಟ್ಟಿದ್ದೆವು. ಅಂದಿನಿಂದ ಕಂದಾಯ ಅವನೇ ಕಟ್ಟುತ್ತಿದ್ದಾನೆ. ಈಗ ಇ-ಖಾತಾ ಕೂಡ ಅವನ ಫೋಟೋ ಹಾಕಿಕೊಂಡು ಬಂದಿದೆ. ಪಾಲಿನ ಮಾತೆತ್ತಿದರೆ ಖಾತೆ ತಂದು ತೋರಿಸುತ್ತಾನೆ. ನಮ್ಮ ಪಾಲು ಹೋಯಿತೇ?

ಉತ್ತರ: ಹೋಗಿಲ್ಲ ತಾಯಿ. ನಿಮ್ಮಣ್ಣನಿಗೆ ಆ ಮನೆಯಲ್ಲಿ ಇರುವುದು ನಾಲ್ಕಾಣೆ ಪಾಲು, ಅಂದರೆ ಕಾಲು ಭಾಗ. ಅಮ್ಮನಿಗೆ ನಾಲ್ಕಾಣೆ, ನಿಮಗೆ ನಾಲ್ಕಾಣೆ, ನಿಮ್ಮಕ್ಕನಿಗೋ ತಂಗಿಗೋ ಇನ್ನು ನಾಲ್ಕಾಣೆ. 2009ರಲ್ಲಿ ನಿಮ್ಮ ತಂದೆ ಕಣ್ಣು ಮುಚ್ಚಿದ ಕ್ಷಣವೇ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಹಂಚಿಹೋಯಿತು. ಖಾತೆ ಯಾರ ಹೆಸರಿಗೆ ಹೋಯಿತು, ಫೋಟೋ ಯಾರದ್ದು ಬಂತು ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕೈದು ಸಲ ಬರುತ್ತದೆ. ಊರು ಬೇರೆ, ಮನೆ ಬೇರೆ, ಕಥೆ ಒಂದೇ. ಕೆಲವು ಸಲ ಅಣ್ಣನ ಜಾಗದಲ್ಲಿ ಚಿಕ್ಕಪ್ಪ ಇರುತ್ತಾನೆ. ಹುಬ್ಬಳ್ಳಿ ಧಾರವಾಡದ ಕಡೆಯವರಾದರೆ ಖಾತೆಯ ಜಾಗದಲ್ಲಿ ಉತಾರ (ಅಲ್ಲಿ ಆಸ್ತಿ ದಾಖಲೆಯ ನಕಲಿಗೆ ಹಾಗನ್ನುತ್ತಾರೆ) ಇರುತ್ತದೆ. ಕೊನೆಯಲ್ಲಿ ಎಲ್ಲರೂ ಬರೆಯುವುದು ಅದೇ ಒಂದು ಸಾಲು: ‘ಖಾತೆ ಅವರ ಹೆಸರಲ್ಲಿದೆಯಲ್ಲ!’ ಇದೊಂದು ಭ್ರಮೆಯನ್ನು ಇವತ್ತಾದರೂ ಬುಡಸಮೇತ ಕೀಳೋಣ ಎಂದುಕೊಂಡಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಆ ಪದವನ್ನೇ ನೋಡಿ. ಖಾತೆ ಅಂದರೆ ಲೆಕ್ಕ. ಶೆಟ್ಟರ ಅಂಗಡಿಯಲ್ಲಿ ಸಾಲ ಬರೆಸಿದರೆ ಅದು ನಿಮ್ಮ ಖಾತೆ. ಬ್ಯಾಂಕಿನಲ್ಲಿ ಇರುವುದೂ ಖಾತೆ. ಮಂತ್ರಿಗಳಿಗೂ ಖಾತೆ ಹಂಚುತ್ತಾರೆ. ಕಂದಾಯ ಖಾತೆ ಸಿಕ್ಕಿತೆಂದು ರಾಜ್ಯದ ಕಂದಾಯವೆಲ್ಲ ಮಂತ್ರಿಯದಾಗುವುದಿಲ್ಲ. (ಕೆಲವರು ಹಾಗೆ ತಿಳಿದುಬಿಡುತ್ತಾರೆ, ಅದು ಬೇರೆ ಮಾತು.) ನಗರಸಭೆಯ ಖಾತೆಯೂ ಇಂಥದ್ದೇ ಒಂದು ಲೆಕ್ಕ. ಈ ಸ್ವತ್ತಿಗೆ ಇಷ್ಟು ತೆರಿಗೆ, ಅದನ್ನು ಯಾರಿಂದ ವಸೂಲು ಮಾಡಬೇಕು ಎಂದು ಕಚೇರಿ ತನ್ನ ಅನುಕೂಲಕ್ಕೆ ಇಟ್ಟುಕೊಂಡ ಪುಟ. ತೆರಿಗೆ ಯಾರ ಹತ್ತಿರ ಕೇಳಬೇಕು ಎಂಬುದಕ್ಕೆ ಒಂದು ಹೆಸರು ಬೇಕಲ್ಲ, ಅದಕ್ಕೆ ಹೆಸರು.

ನಾನು ಕಂದಾಯ ಶಾಖೆಯಲ್ಲಿ ಗುಮಾಸ್ತನಾಗಿ ಸೇರಿದ ಹೊಸತರಲ್ಲಿ ಡಿಮ್ಯಾಂಡ್ ರಿಜಿಸ್ಟರ್, ಅಂದರೆ ಯಾರು ಎಷ್ಟು ತೆರಿಗೆ ಕೊಡಬೇಕು ಎಂಬ ಪುಸ್ತಕ, ಕೈಯಲ್ಲೇ ಬರೆಯಬೇಕಿತ್ತು. ಹಳೆ ಪುಸ್ತಕದಿಂದ ಹೊಸದಕ್ಕೆ ಇಳಿಸುವಾಗ ಒಂದು ಬೀದಿಯ ಮೇಲಿನ ಸಾಲಿನ ಹೆಸರನ್ನು ಕೆಳಗಿನ ಸಾಲಿಗೆ ಬರೆದುಬಿಟ್ಟೆ. ಮೂರು ವರ್ಷ ಎದುರು ಬದುರು ಮನೆಯವರು ಒಬ್ಬರ ತೆರಿಗೆ ಇನ್ನೊಬ್ಬರು ಕಟ್ಟಿದರು. ಗೊತ್ತಾಗಿದ್ದು ಒಬ್ಬರು ಸಾಲಕ್ಕೆ ಅರ್ಜಿ ಹಾಕಿದಾಗ. ಶಿರಸ್ತೇದಾರರು ನನ್ನ ಎದುರು ಪುಸ್ತಕ ಎಸೆದರು, ನಾನು ಕೆಂಪು ಶಾಯಿಯಲ್ಲಿ ಶರಾ ಬರೆದು ತಿದ್ದಿದೆ, ಅಲ್ಲಿಗೆ ಮುಗಿಯಿತು. ಖಾತೆಯೇ ಮಾಲೀಕತ್ವ ಆಗಿದ್ದರೆ ಆ ಮೂರು ವರ್ಷ ಇಬ್ಬರೂ ಸಾಮಾನು ಹೊತ್ತುಕೊಂಡು ರಸ್ತೆ ದಾಟಬೇಕಿತ್ತು. ಒಬ್ಬ ಗುಮಾಸ್ತನ ಕೈತಪ್ಪಿನಿಂದ ಮನೆಗಳು ಅದಲುಬದಲಾಗುವ ಕಾನೂನು ಎಲ್ಲಾದರೂ ಇದ್ದೀತೇ?

‘ಸರಿ, ಆದರೆ ಕಂದಾಯ ಕಟ್ಟಿದ್ದಾರಲ್ಲ, ರಸೀದಿ ಇದೆಯಲ್ಲ’ ಎಂಬುದು ಮುಂದಿನ ಸಾಲು. ನಿಮ್ಮ ಬೀದಿಯಲ್ಲೇ ನೋಡಿ, ಎಷ್ಟು ಮನೆಗಳ ಕರೆಂಟ್ ಬಿಲ್ಲು ಇನ್ನೂ ತೀರಿಹೋದ ತಾತನ ಹೆಸರಲ್ಲಿ ಬರುತ್ತಿದೆ. ತಾತ ಬಂದು ಸ್ವಿಚ್ಚು ಹಾಕುತ್ತಾರೆಯೇ? ಬಿಲ್ ಕಲೆಕ್ಟರ್‌ಗೆ ದುಡ್ಡು ಬಂದರೆ ಸಾಕು, ಯಾರು ಕೊಟ್ಟರೂ ರಸೀದಿ ಹರಿಯುತ್ತಾನೆ. ಬಾಡಿಗೆದಾರ ಕಟ್ಟಿದರೂ ಕೊಡುತ್ತಾನೆ. ಪ್ಲಾನಿಲ್ಲದೆ ಕಟ್ಟಿದ ಮನೆಗೂ, ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ಹಂಚಿದ ಕಂದಾಯ ಸೈಟಿನ ಮನೆಗೂ ತೆರಿಗೆ ಹಾಕುತ್ತಾರೆ. ‘ಬಿ’ ಖಾತೆ ಅನ್ನುವುದು ಹುಟ್ಟಿದ್ದೇ ಹಾಗೆ. ತೆರಿಗೆ ವಸೂಲು ಮಾಡಿದ ಮಾತ್ರಕ್ಕೆ ಅನಧಿಕೃತ ಕಟ್ಟಡ ಸಕ್ರಮವಾಗುವುದಿಲ್ಲ. ತೆರಿಗೆ ಕಟ್ಟಿ ಕಾನೂನುಬದ್ಧ ಆಗದ ಮನೆ, ತೆರಿಗೆ ಕಟ್ಟಿ ನಿಮ್ಮಣ್ಣನದು ಹೇಗಾದೀತು?

ಇನ್ನೂ ನಂಬಿಕೆ ಬರದಿದ್ದರೆ ನಿಮ್ಮಣ್ಣನಿಗೆ ಒಂದು ಮಾತು ಹೇಳಿ: ಆ ಇ-ಖಾತಾ ಒಂದನ್ನೇ ಹಿಡಿದುಕೊಂಡು ಯಾವುದಾದರೂ ಬ್ಯಾಂಕಿಗೆ ಹೋಗಿ ಮನೆ ಮೇಲೆ ಸಾಲ ಕೇಳಲಿ. ಬ್ಯಾಂಕಿನ ವಕೀಲರು ಫೋಟೋ ನೋಡಿ ಮರುಳಾಗುವವರಲ್ಲ. ಮೊದಲು ನಿಮ್ಮ ತಂದೆ ಹೆಸರಿನ ಕ್ರಯಪತ್ರ ಕೇಳುತ್ತಾರೆ. ಮಾರಿದವರಿಗೆ ಸೈಟು ಎಲ್ಲಿಂದ ಬಂತು ಎಂದು ಮೂಲಪತ್ರ ಕೇಳುತ್ತಾರೆ. ಹಿಂದಿನ ಮೂವತ್ತು ವರ್ಷದ ಇಸಿ (ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸು ಅನ್ನುತ್ತಾರೆ. ತಂದೆ ತೀರಿಕೊಂಡಿದ್ದಾರೆ ಎಂದು ಗೊತ್ತಾದ ಕೂಡಲೇ ವಂಶವೃಕ್ಷ ಕೇಳುತ್ತಾರೆ. ಅದರಲ್ಲಿ ನಿಮ್ಮ ಹೆಸರು ಕಂಡರೆ ‘ಇವರೆಲ್ಲರ ಸಹಿ ಎಲ್ಲಿ’ ಅನ್ನುತ್ತಾರೆ. ದುಡ್ಡು ಹಾಕುವವರು ಖಾತೆಗೆ ಕೊಡುವ ಬೆಲೆ ಇಷ್ಟು.

ಸುಪ್ರೀಂ ಕೋರ್ಟ್ ಕೂಡ ಇದನ್ನು ಹೇಳಿ ಹೇಳಿ ಸುಸ್ತಾಗಿದೆ. ದಾಖಲೆಯಲ್ಲಿ ಹೆಸರು ಬದಲಾದರೆ ಹಕ್ಕು ಹುಟ್ಟುವುದೂ ಇಲ್ಲ, ಇದ್ದ ಹಕ್ಕು ಅಳಿಯುವುದೂ ಇಲ್ಲ ಎಂದು 1996ರಲ್ಲಿ ಹೇಳಿತು, 2021ರಲ್ಲಿ ಮತ್ತೆ ಹೇಳಿತು. ನಡುವೆ ಹೇಳಿದ್ದು ಎಷ್ಟು ಸಲವೋ. ಹಳ್ಳಿಯ ಪಹಣಿಗೆ ಇದಕ್ಕಿಂತ ಒಂದು ತೂಕ ಹೆಚ್ಚು: ಸುಳ್ಳೆಂದು ಸಾಬೀತಾಗುವವರೆಗೆ ಅದನ್ನು ನಿಜವೆಂದು ಭಾವಿಸಬೇಕು ಎಂದು 1964ರ ಭೂಕಂದಾಯ ಕಾಯ್ದೆಯಲ್ಲಿದೆ. ಅದೂ ಸಾಬೀತಾಗುವವರೆಗೆ ಮಾತ್ರ.

ಹಾಗಾದರೆ ಜನ ದಡ್ಡರೇ? ಅಲ್ಲ. ಈ ಭ್ರಮೆಗೆ ನಮ್ಮ ಕಚೇರಿಗಳ ಪಾಲೂ ಇದೆ. ಫಾರಂನಲ್ಲಿ ‘ಮಾಲೀಕರ ಹೆಸರು’ ಎಂದು ಕಾಲಂ ಮಾಡಿದವರು ನಾವೇ. ಪ್ಲಾನ್ ಬೇಕೆಂದರೆ ಖಾತೆ ತನ್ನಿ, ಸಾಲಕ್ಕೆ ಖಾತೆ ತನ್ನಿ ಎಂದು ತಿರುಗಾಡಿಸಿದ್ದೂ ನಾವೇ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಸ್ವತ್ತು ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಅಲ್ಲಿಗೆ ಫೋಟೋ ಇರುವ ಆ ಕಾಗದ ಹಕ್ಕುಪತ್ರಕ್ಕಿಂತ ಗತ್ತಿನಿಂದ ಓಡಾಡತೊಡಗಿತು. ಖಾತೆ ಬೇಡದ ಕಾಗದ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಮಾರುವುದಕ್ಕಾಗುವುದಿಲ್ಲ. ಮಾರುವ ಹಕ್ಕನ್ನು ಅದು ಕೊಡುವುದಿಲ್ಲ, ಅಷ್ಟೇ.

ಇನ್ನು ನಿಮ್ಮ ಪತ್ರದಲ್ಲಿ ನೀವು ನೇರವಾಗಿ ಕೇಳದೆ ಹೆದರಿಕೊಂಡಿರುವ ಎರಡು ಸಂಗತಿಗಳಿವೆ. ಒಂದು, ಛಾಪಾ ಕಾಗದದ ಸಹಿ. ನೀವು ಕೊಟ್ಟಿದ್ದು ಖಾತೆ ಬದಲಾವಣೆಗೆ ನಮ್ಮ ಅಭ್ಯಂತರವಿಲ್ಲ ಎಂಬ ಒಪ್ಪಿಗೆ ಪತ್ರವೇ ಆಗಿದ್ದರೆ, ಅದರಿಂದ ಆದದ್ದು ಖಾತೆ ಬದಲಾವಣೆ ಮಾತ್ರ. ಪಾಲು ಬಿಟ್ಟುಕೊಡಬೇಕಾದರೆ ಹಕ್ಕು ಬಿಡುಗಡೆ ಪತ್ರ ಬರೆದು ಸಬ್ ರಿಜಿಸ್ಟ್ರಾರ್ ಎದುರು ನೋಂದಾಯಿಸಬೇಕು. ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುವುದಕ್ಕೆ ನೋಂದಣಿ ಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಆ ನೂರು ರೂಪಾಯಿ ಇವತ್ತಿಗೂ ನೂರೇ. ನೀವು ನೋಂದಣಿ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಫೋಟೋ ಹಿಡಿಸಿಕೊಂಡಿದ್ದ ನೆನಪಿದ್ದರೆ ಮಾತ್ರ ವಕೀಲರ ಹತ್ತಿರ ಓಡಿ. ಅದು ಬೇರೆ ಕಥೆ.

ಎರಡು, ‘ಹನ್ನೆರಡು ವರ್ಷ’. ಈ ಹನ್ನೆರಡನ್ನು ಹೆಸರಿಸದ ಪಂಚಾಯ್ತಿ ಕಟ್ಟೆ ನಮ್ಮ ಕಡೆ ಇಲ್ಲ. ಹನ್ನೆರಡು ವರ್ಷ ಅನುಭವದಲ್ಲಿದ್ದರೆ ಅವನದೇ ಎಂದು ಯಾರೋ ಹೇಳಿರುತ್ತಾರೆ. ಅದು ಹೊರಗಿನವನಿಗೆ ಅನ್ವಯಿಸುವ ಮಾತು. ಪಾಲುದಾರರ ನಡುವೆ ಒಬ್ಬ ಮನೆಯಲ್ಲಿದ್ದರೆ ಎಲ್ಲರ ಪರವಾಗಿ ಇದ್ದಾನೆ ಎಂದೇ ಕಾನೂನು ಹಿಡಿಯುತ್ತದೆ. ಆದರೆ ಕಿವಿಗೊಟ್ಟು ಕೇಳಿ. ‘ನಿಮಗೆ ಇಲ್ಲಿ ಏನೂ ಇಲ್ಲ, ಇದು ನನ್ನದು’ ಎಂದು ಅವನು ಬಹಿರಂಗವಾಗಿ ಹೇಳಿ, ನಿಮ್ಮನ್ನು ಹೊರಗಿಟ್ಟು, ನೀವು ಸುಮ್ಮನಿದ್ದರೆ ಅಲ್ಲಿಂದ ಎಣಿಕೆ ಶುರುವಾಗಬಹುದು. ಈಗ ಅವನು ಖಾತೆ ತೋರಿಸಿ ಆಡುತ್ತಿರುವ ಮಾತು ಅದೇ ದಾರಿಯದು. ‘ಹಬ್ಬ ಮುಗಿಯಲಿ, ಅಮ್ಮನ ಆರೋಗ್ಯ ಸುಧಾರಿಸಲಿ’ ಎಂದು ಮುಂದೂಡುತ್ತ ಕೂರಬೇಡಿ.

‘2005ರ ಕಾಯ್ದೆ ಬಂದ ಮೇಲೆ ತಾನೆ ಹೆಣ್ಣುಮಕ್ಕಳಿಗೆ ಪಾಲು’ ಎಂದು ನಿಮ್ಮ ಊರಲ್ಲಿ ಯಾರಾದರೂ ಹೇಳಿದರೆ ನಕ್ಕುಬಿಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಬಂದದ್ದು ಉತ್ತರಾಧಿಕಾರ ಕಾಯ್ದೆಗೆ ಆಗ ಆದ ಆ ತಿದ್ದುಪಡಿಯಿಂದ. ಅದನ್ನೂ ಷರತ್ತಿನ ಮೇಲೆ ಕರ್ನಾಟಕ 1994ರಲ್ಲೇ ಕೊಟ್ಟಿತ್ತು. ತಂದೆ ಸ್ವಂತ ಸಂಪಾದಿಸಿ ವಿಲ್ ಬರೆಯದೆ ಹೋದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು 1956ರಿಂದ ಇದೆ. ಮನೆಯವರು ವಾಸವಿದ್ದ ಮನೆಯನ್ನು ಗಂಡುಮಕ್ಕಳು ಭಾಗ ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಭಾಗ ಕೇಳುವಂತಿಲ್ಲ ಎಂದು ಒಂದು ಕೊಕ್ಕೆ ಇತ್ತು. 2005ರಲ್ಲಿ ಅದನ್ನೂ ಕಿತ್ತುಹಾಕಿದರು.

ಮಾಡಬೇಕಾದ್ದು ಇಷ್ಟು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2009ರಿಂದ ಇಂದಿನವರೆಗೆ ಇಸಿ ತೆಗೆಸಿ, ಬೆನ್ನ ಹಿಂದೆ ಏನಾದರೂ ನೋಂದಣಿ ಆಗಿದೆಯೇ ನೋಡಿ. ತಂದೆಯ ಕ್ರಯಪತ್ರದ ದೃಢೀಕೃತ ನಕಲು ಪಡೆಯಿರಿ, ಮೂಲ ಅಣ್ಣನ ಬೀರುವಿನಲ್ಲಿದ್ದರೆ ಇರಲಿ ಬಿಡಿ. ಖಾತೆ ಮಾಡಿಸುವಾಗ ಕೊಟ್ಟ ವಂಶವೃಕ್ಷದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಬರೆಸಿದ ವಂಶವೃಕ್ಷಗಳನ್ನು ನನ್ನ ಮೇಜಿನ ಮೇಲೆ ಬೇಕಾದಷ್ಟು ಕಂಡಿದ್ದೇನೆ. ಕಂದಾಯ ಶಾಖೆಗೆ ತಕರಾರು ಅರ್ಜಿ ಕೊಡಿ, ನಾಲ್ವರ ಹೆಸರಿಗೂ ಜಂಟಿ ಖಾತೆ ಕೇಳಿ. ಸಿವಿಲ್ ನ್ಯಾಯಾಲಯದಲ್ಲಿ ಇತ್ಯರ್ಥ ಮಾಡಿಕೊಳ್ಳಿ ಎಂದು ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಟ್ಟಾರು. ಬೈಯಬೇಡಿ. ಮನೆ ಯಾರದೆಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ, ನಾನು ಇಷ್ಟು ಹೊತ್ತು ಹೇಳಿದ್ದೂ ಅದನ್ನೇ. ಹಿಂಬರಹ ಜೋಪಾನವಾಗಿಡಿ. ಕೂತು ಮಾತಾಡಿ ಬಗೆಹರಿದರೆ ಪಾಲುಪಟ್ಟಿ ಬರೆದು ನೋಂದಾಯಿಸಿ. ಬಗೆಹರಿಯದಿದ್ದರೆ ವಿಭಾಗದ ದಾವೆ. ಅಮ್ಮನ ನಾಲ್ಕಾಣೆಯನ್ನು ಅವರು ಯಾರಿಗೆ ಬೇಕಾದರೂ ಬರೆದುಕೊಡಬಹುದು, ಅದಕ್ಕೆ ಮುನಿಸಿಕೊಳ್ಳಬೇಡಿ.

ಅಣ್ಣನ ಪರವಾಗಿಯೂ ಒಂದು ಮಾತು. ಇಷ್ಟು ವರ್ಷ ಅವನು ನಾಲ್ವರ ತೆರಿಗೆ ಒಬ್ಬನೇ ಕಟ್ಟಿದ್ದಾನೆ. ಪಾಲಿನ ಲೆಕ್ಕದಲ್ಲಿ ನಿಮ್ಮ ಭಾಗದ್ದನ್ನು ಕೇಳಿದರೆ ಅದು ನ್ಯಾಯವೇ. ಅವನು ಬಾಡಿಗೆಯಿಲ್ಲದೆ ಅಲ್ಲೇ ಇದ್ದದ್ದನ್ನು ನೀವೂ ಲೆಕ್ಕಕ್ಕೆ ತರಬಹುದು.

ಲೆಕ್ಕ ಅಂದಾಗ ನೆನಪಾಯಿತು. ಆ ರಸೀದಿಗಳನ್ನು ಒಮ್ಮೆ ಕೈಗೆ ತೆಗೆದುಕೊಂಡು ಕೆಳಗಿನ ಸಾಲು ಓದಿ. ಇದನ್ನು ನನ್ನನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಎಂಬುದು ಎಲ್ಲರಿಗೂ ಬಾಯಿಪಾಠ. ಆ ತೆರಿಗೆಯ ಮೇಲೆ ಶೇ. 15 ಆರೋಗ್ಯ ಕರ, ಶೇ. 6 ಗ್ರಂಥಾಲಯ ಕರ, ಶೇ. 3 ಭಿಕ್ಷುಕರ ಕರ ಕೂಡುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಸಾವಿರ ರೂಪಾಯಿ ತೆರಿಗೆ ಕಟ್ಟಿದವರು ಕೊಡುವುದು 1,240. ಕೆಲವು ಕಡೆ ನಗರ ಸಾರಿಗೆ ಕರ ಅಂತ ಇನ್ನೂ ಶೇ. 2. ಭಿಕ್ಷುಕರ ಕರ ಹೋಗಬೇಕಾದದ್ದು ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುವ ಸಮಿತಿಗೆ. ಗ್ರಂಥಾಲಯ ಕರ ಹೋಗಬೇಕಾದದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ, 1965ರ ಕಾಯ್ದೆಯ ಪ್ರಕಾರ. ವಸೂಲು ಮಾಡಿದ ಸಂಸ್ಥೆಗಳು ಅದನ್ನು ಸಕಾಲಕ್ಕೆ ದಾಟಿಸುವುದಿಲ್ಲ, ಬಾಕಿ ಬೆಳೆಯುತ್ತಲೇ ಇರುತ್ತದೆ. ಒಂದು ಸಲ ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗಿ, ಹೊಸ ಪುಸ್ತಕ ಬಂದು ಎಷ್ಟು ವರ್ಷವಾಯಿತು ಎಂದು ವಿಚಾರಿಸಿ. ಆ ದುಡ್ಡನ್ನು 2009ರಿಂದ ಕಟ್ಟುತ್ತಿರುವವನು ನಿಮ್ಮಣ್ಣ. ಪಾಲಿನ ವಿಷಯ ಬದಿಗಿಟ್ಟು ಅವನನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಸೋಮವಾರ ಮಾತ್ರ ಹೋಗಬೇಡಿ, ರಜೆ.