ಕ್ಯಾಥೋಡ್ ಎಂದರೆ ಮೈನಸ್ ಅಲ್ಲ

ಬ್ಯಾಟರಿಯ ಎರಡು ತುದಿಗಳಿಗೆ ಆನೋಡ್, ಕ್ಯಾಥೋಡ್ ಎಂದು ಹೆಸರು. ಅದರಲ್ಲಿ ಕ್ಯಾಥೋಡನ್ನು ‘ಋಣಾಗ್ರ’, ಅಂದರೆ ಮೈನಸ್ ತುದಿ, ಎಂದು ಬರೆದದ್ದು ಮತ್ತೆ ಕಣ್ಣಿಗೆ ಬಿತ್ತು. ಎಲೆಕ್ಟ್ರಿಕ್ ಗಾಡಿಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಜಾಸ್ತಿಯಾದಂತೆ ಈ ತಪ್ಪೂ ಜಾಸ್ತಿಯಾಗಿದೆ. ನೇರವಾಗಿ ಹೇಳಿಬಿಡುತ್ತೇನೆ: ಬ್ಯಾಟರಿ ಕರೆಂಟ್ ಕೊಡುತ್ತಿರುವಾಗ ಅದರ ಕ್ಯಾಥೋಡ್ ಪ್ಲಸ್ ತುದಿ.

ತಪ್ಪಿನ ಬೇರು ಶಾಲೆಯ ಪಾಠದಲ್ಲಿದೆ. ತಾಮ್ರವನ್ನು ಶುದ್ಧ ಮಾಡುವ ಪ್ರಯೋಗದಲ್ಲಿ ಕರೆಂಟನ್ನು ಹೊರಗಿನಿಂದ ಕೊಡುತ್ತೇವೆ. ಅಲ್ಲಿ ಕ್ಯಾಥೋಡ್ ಮೈನಸ್ಸೇ. ಆ ಪಾಠಕ್ಕೆ ಋಣಾಗ್ರ ಎಂಬ ಹೆಸರು ಸರಿ. ಆದರೆ ಬ್ಯಾಟರಿಯಲ್ಲಿ ಕರೆಂಟ್ ಹುಟ್ಟುವುದೇ ಒಳಗೆ, ಅಲ್ವಾ? ಅಲ್ಲಿಗೂ ಅದೇ ಹೆಸರನ್ನು ಎಳೆದು ತಂದರೆ ಎಲ್ಲ ತಿರುವುಮುರುವು.

ಪದ ಹುಟ್ಟಿದ ಬಗೆ ಗೊತ್ತಿದ್ದರೆ ಈ ಗೊಂದಲ ಬರುವುದಿಲ್ಲ. 1834ರಲ್ಲಿ ವಿಜ್ಞಾನಿ ಮೈಕಲ್ ಫ್ಯಾರಡೆ ಅವರಿಗೆ ಹೊಸ ಪದಗಳು ಬೇಕಾಗಿದ್ದವು. ದ್ರಾವಣದಲ್ಲಿ ಇಳಿಬಿಟ್ಟ ಲೋಹದ ಪಟ್ಟಿಗಳನ್ನು ಆಗ ‘ಧ್ರುವ’ ಎನ್ನುತ್ತಿದ್ದರು. ಆ ಮಾತು ಫ್ಯಾರಡೆಗೆ ಹಿಡಿಸಲಿಲ್ಲ. ಧ್ರುವ ಎಂದ ಕೂಡಲೇ ಅದು ಏನನ್ನೋ ಸೆಳೆಯುತ್ತದೆ ಎಂಬ ಊಹೆಯೂ ಜೊತೆಗೆ ಬಂದುಬಿಡುತ್ತದೆ. ಕರೆಂಟ್ ಎಂದರೆ ಏನು ಎಂಬುದೇ ಆಗ ಇತ್ಯರ್ಥವಾಗಿರಲಿಲ್ಲ. ನಾಳೆ ವಿಚಾರ ಬದಲಾದರೂ ನಿಲ್ಲುವ ಪದ ಬೇಕಿತ್ತು. ಅದಕ್ಕಾಗಿ ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್ ಅವರಿಗೆ ಪತ್ರ ಬರೆದರು.

ಫ್ಯಾರಡೆ ಹಿಡಿದ ಆಧಾರ ಭೂಮಿ. ಭೂಮಿಯ ಕಾಂತಗುಣ ಕರೆಂಟಿನಿಂದ ಬಂದಿದೆ ಎಂದಿಟ್ಟುಕೊಂಡರೆ, ಆ ಕರೆಂಟ್ ಸೂರ್ಯ ಸಾಗಿದಂತೆ ಪೂರ್ವದಿಂದ ಪಶ್ಚಿಮಕ್ಕೆ ಹರಿಯಬೇಕು. ಪ್ರಯೋಗದ ಪಾತ್ರೆಯನ್ನೂ ಅದೇ ದಿಕ್ಕಿಗೆ ಇಟ್ಟರೆ, ಕರೆಂಟ್ ದ್ರಾವಣಕ್ಕೆ ಬರುವ ತುದಿ ಪೂರ್ವಕ್ಕಿರುತ್ತದೆ, ಬಿಟ್ಟುಹೋಗುವ ತುದಿ ಪಶ್ಚಿಮಕ್ಕೆ. ಹ್ಯೂವೆಲ್ ಗ್ರೀಕ್‌ನಿಂದ ಪದ ಕಟ್ಟಿಕೊಟ್ಟರು. ಆನೋಡ್ ಎಂದರೆ ಏರುವ ದಾರಿ, ಕ್ಯಾಥೋಡ್ ಎಂದರೆ ಇಳಿಯುವ ದಾರಿ. ಕನ್ನಡದಲ್ಲಿ ದಿಕ್ಕಿನ ಹೆಸರುಗಳೇ ಹೀಗಿವೆ. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಆನೋಡ್ ಮೂಡಣದ ತುದಿ, ಕ್ಯಾಥೋಡ್ ಪಡುವಣದ ತುದಿ. ಇದರಲ್ಲಿ ಪ್ಲಸ್ ಎಲ್ಲಿದೆ, ಮೈನಸ್ ಎಲ್ಲಿದೆ? ಇರುವುದು ಹರಿವಿನ ದಿಕ್ಕು ಮಾತ್ರ.

ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ತಂತಿಯಲ್ಲಿ ಅದು ಸಾಗುವುದು ನಾವು ಕರೆಂಟಿಗೆ ಗುರುತು ಹಾಕಿಕೊಂಡ ದಿಕ್ಕಿಗೆ ಎದುರಾಗಿ. ಆದರೂ ಫ್ಯಾರಡೆಯ ಪದಗಳನ್ನು ಬದಲಿಸಬೇಕಾಗಲಿಲ್ಲ. ಹೊರಗಿನ ತಂತಿಯಿಂದ ಎಲೆಕ್ಟ್ರಾನ್ ಬಂದು ಸೇರುವ ತುದಿಯೇ ಕ್ಯಾಥೋಡ್ ಎಂದರೆ ಆಯಿತು. ಬ್ಯಾಟರಿ ಕರೆಂಟ್ ಕೊಡುವಾಗ ಎಲೆಕ್ಟ್ರಾನ್ ಹೀಗೆ ಬಂದು ಸೇರುವುದು ಪ್ಲಸ್ ತುದಿಗೆ.

ಹಾಗಾದರೆ ಚಾರ್ಜ್ ಮಾಡುವಾಗ? ಕಟ್ಟುನಿಟ್ಟಾಗಿ ನೋಡಿದರೆ ಹೆಸರುಗಳು ಅದಲುಬದಲಾಗಬೇಕು. ಬ್ಯಾಟರಿ ಲ್ಯಾಬುಗಳಲ್ಲಿ ಹಾಗೆ ಮಾಡುವುದಿಲ್ಲ. ಡಿಸ್ಚಾರ್ಜ್ ಆಗುವಾಗಿನ, ಅಂದರೆ ಬ್ಯಾಟರಿ ಕರೆಂಟ್ ಕೊಡುವಾಗಿನ, ಹೆಸರನ್ನೇ ಕಾಯಂ ಮಾಡಿಕೊಂಡಿದ್ದಾರೆ. ಲಿಥಿಯಂ ಬ್ಯಾಟರಿಯವರು ‘ಕ್ಯಾಥೋಡ್ ಮೇಲೆ ಕೆಲಸ ಮಾಡ್ತಿದೀನಿ’ ಎಂದರೆ, ಅಲ್ಯೂಮಿನಿಯಂ ಹಾಳೆಗೆ ಬಳಿಯುವ ಪ್ಲಸ್ ತುದಿಯ ಪುಡಿ ಎಂದೇ ಅರ್ಥ.

ಆ ಪುಡಿಯ ಮೇಲೆಯೇ ಒಂದು ದೊಡ್ಡ ವೃತ್ತಿಜೀವನ ನಿಂತಿದೆ. ಜಾನ್ ಗುಡ್‌ಇನಫ್ ಅವರನ್ನು ಸುಮ್ನೆ ‘ಲಿಥಿಯಂ ಬ್ಯಾಟರಿ ಕಂಡುಹಿಡಿದವರು’ ಎಂದುಬಿಡುತ್ತಾರೆ. ಅವರು ಕಂಡುಕೊಂಡದ್ದು ಕ್ಯಾಥೋಡ್‌ಗಳನ್ನು. ಓದಿದ್ದು ಭೌತವಿಜ್ಞಾನ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲಿಂಕನ್ ಲ್ಯಾಬಿನಲ್ಲಿ ಕಂಪ್ಯೂಟರ್ ಮೆಮೊರಿಗಾಗಿ ಕಾಂತಗುಣದ ಆಕ್ಸೈಡುಗಳ ಮೇಲೆ ಕೆಲಸ ಮಾಡಿದರು. 1976ರಲ್ಲಿ, 50 ದಾಟಿದ ಮೇಲೆ, ಆಕ್ಸ್‌ಫರ್ಡ್‌ಗೆ ಹೋದರು. ಅಷ್ಟರಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬ ಇನ್ನೊಬ್ಬ ವಿಜ್ಞಾನಿ ಟೈಟಾನಿಯಂ ಸಲ್ಫೈಡಿನ ಕ್ಯಾಥೋಡ್ ಮಾಡಿದ್ದರು. ಅದರಿಂದ 2 ವೋಲ್ಟಿಗಿಂತ ಸ್ವಲ್ಪ ಹೆಚ್ಚು ಸಿಗುತ್ತಿತ್ತು. ಗಂಧಕದ ಜಾಗದಲ್ಲಿ ಆಮ್ಲಜನಕ ಇದ್ದರೆ ವೋಲ್ಟೇಜ್ ಏರುತ್ತದೆ ಎಂದು ಗುಡ್‌ಇನಫ್ ಲೆಕ್ಕ ಹಾಕಿದರು. ಆಕ್ಸೈಡುಗಳ ಒಳಗನ್ನು ವರ್ಷಗಟ್ಟಲೆ ನೋಡಿದ್ದಕ್ಕೇ ಆ ಲೆಕ್ಕ ಹೊಳೆಯಿತು. 1980ರಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಂತು, ಸುಮಾರು 4 ವೋಲ್ಟ್. ಲಿಥಿಯಂ ಈ ಪುಡಿಯಲ್ಲೇ ಇರುವುದರಿಂದ ಎದುರು ತುದಿಗೆ ಲಿಥಿಯಂ ಲೋಹ ಹಾಕಬೇಕಿಲ್ಲ. ಬೇಗ ಬೆಂಕಿ ಹಿಡಿಯುವ ಆ ಲೋಹದ ಬದಲು ಜಪಾನಿನ ಅಕಿರ ಯೊಶಿನೊ 1985ರಲ್ಲಿ ಇಂಗಾಲದ ಆನೋಡ್ ಜೋಡಿಸಿದರು. 1991ರಲ್ಲಿ ಸೋನಿ ಕಂಪನಿ ಇಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೂ 2019ರಲ್ಲಿ ನೊಬೆಲ್ ಸಿಕ್ಕಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ.

ಅದಕ್ಕೂ ಮುಂಚೆ, 1997ರಲ್ಲಿ, ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಅವರ ಗುಂಪು ಲಿಥಿಯಂ ಐರನ್ ಫಾಸ್ಫೇಟನ್ನು ಕ್ಯಾಥೋಡ್ ಆಗಿ ತೋರಿಸಿತ್ತು. ಇದರ ವೋಲ್ಟೇಜ್ ಸುಮಾರು 3.4, ಕಡಿಮೆಯೇ. ಆದರೆ ದುಬಾರಿ ಕೋಬಾಲ್ಟ್ ಬೇಡ, ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಇನ್ವರ್ಟರಿನ ಲಿಥಿಯಂ ಬ್ಯಾಟರಿ ಮೇಲೆ ಕಾಣುವ ‘ಎಲ್‌ಎಫ್‌ಪಿ’ ಇದೇ. ‘ಎನ್‌ಎಂಸಿ’ ಎಂದಿದ್ದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಪುಡಿ. ಎರಡೂ ಕ್ಯಾಥೋಡ್‌ನ ಹೆಸರುಗಳು. ಎದುರಿನ ಮೈನಸ್ ತುದಿಯಲ್ಲಿ ಸಾಮಾನ್ಯವಾಗಿ ಎರಡರಲ್ಲೂ ಗ್ರಾಫೈಟೇ ಇರುತ್ತದೆ.