ವಿಎಫ್ ಇರುವ ಕಾರ್ಡ್ ತೆಗೆದ ಕೂಡಲೇ ಕರ್ನಲ್ ಯಾಕೆ ಕ್ರ್ಯಾಶ್ ಆಗುತ್ತದೆ?

ಓದುಗರ ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಎಸ್‌ಆರ್-ಐಒವಿ ಇರುವ ನೆಟ್‌ವರ್ಕ್ ಕಾರ್ಡ್ ಇದೆ. ವರ್ಚುವಲ್ ಫಂಕ್ಷನ್‌ಗಳು (ವಿಎಫ್) ಆನ್ ಇರುವಾಗ, ಮಷಿನ್ ಆಫ್ ಮಾಡದೆ ಕಾರ್ಡ್ ತೆಗೆದರೆ ಕರ್ನಲ್ ಕ್ರ್ಯಾಶ್ ಆಗುತ್ತದೆ. ಅದೇ ಸ್ಲಾಟ್‌ಗೆ ಮಾಮೂಲಿ ಕಾರ್ಡ್ ಹಾಕಿ ತೆಗೆದರೆ ಏನೂ ಆಗುವುದಿಲ್ಲ. ಕಾರ್ಡೇ ಕೆಟ್ಟಿದೆಯಾ?

ಕಾರ್ಡ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಮಾಮೂಲಿ ಕಾರ್ಡ್ ಸಲೀಸಾಗಿ ಹೊರಬರುತ್ತದೆ ಅಂದಮೇಲೆ ಸ್ಲಾಟ್ ಮೇಲೂ ಅನುಮಾನ ಬೇಡ. ಮೊದಲು ನೋಡಬೇಕಾದ್ದು ಕರ್ನಲ್ ಒಳಗಿನ ಒಂದು ಪಟ್ಟಿ, ಮತ್ತು ಅದನ್ನು ಯಾವ ತುದಿಯಿಂದ ಖಾಲಿ ಮಾಡುತ್ತಾರೆ ಅನ್ನೋದು.

ಎಸ್‌ಆರ್-ಐಒವಿ ಕಾರ್ಡ್ ಒಂದೇ ಇದ್ದರೂ ಸಿಸ್ಟಮ್‌ಗೆ ಹಲವು ಕಾರ್ಡ್‌ಗಳಂತೆ ಕಾಣುತ್ತದೆ. ನಿಜವಾದ ಕಾರ್ಡ್ ಪಿಎಫ್, ಅಂದರೆ ಫಿಸಿಕಲ್ ಫಂಕ್ಷನ್. ಅದರ ಆಸರೆಯಲ್ಲಿ ಹುಟ್ಟುವವು ವಿಎಫ್‌ಗಳು. ಉದಾಹರಣೆಗೆ ಇಂಟೆಲ್‌ನ 82599 ಚಿಪ್‌ನಲ್ಲಿ ಲಿನಕ್ಸ್ ಒಂದು ಪೋರ್ಟ್‌ಗೆ 63 ವಿಎಫ್‌ವರೆಗೆ ಕೊಡುತ್ತದೆ. ಪಿಎಫ್ ಮೊದಲು ಬರುತ್ತದೆ, ವಿಎಫ್‌ಗಳು ಆಮೇಲೆ ಹುಟ್ಟುತ್ತವೆ. ಹಾಗಾಗಿ ಕರ್ನಲ್ ಇಟ್ಟುಕೊಂಡಿರುವ ಬಸ್‌ನ (ಕಾರ್ಡ್‌ಗಳು ಸಿಸ್ಟಮ್‌ಗೆ ಸೇರುವ ದಾರಿಯ) ಪಟ್ಟಿಯಲ್ಲಿ ಪಿಎಫ್ ಮುಂದೆ, ವಿಎಫ್‌ಗಳು ಅದರ ಹಿಂದೆ ನಿಂತಿರುತ್ತವೆ. ಪಿಎಫ್ ಹೋದರೆ ಅದರ ವಿಎಫ್‌ಗಳೂ ಜೊತೆಗೇ ಹೋಗುತ್ತವೆ.

ಈಗ ಮದುವೆ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಎಲೆ ತೆಗೆಯುವವನು ಮೊದಲ ಎಲೆಗೆ ಕೈ ಹಾಕುವಾಗಲೇ ಅವನ ಕಣ್ಣು ಎರಡನೇ ಎಲೆಯ ಮೇಲಿರುತ್ತದೆ. ಮೊದಲ ಎಲೆ ಮನೆಯ ಹಿರಿಯರದ್ದು. ಅವರು ಎದ್ದ ಕೂಡಲೇ ಮಕ್ಕಳು ಮೊಮ್ಮಕ್ಕಳೆಲ್ಲ ತಮ್ಮ ತಮ್ಮ ಎಲೆ ಎತ್ತಿಕೊಂಡು ಎದ್ದುಬಿಟ್ಟರು. ಇವನು ಎರಡನೇ ಎಲೆಗೆ ಬಗ್ಗಿದರೆ ಅಲ್ಲಿ ಬರೀ ನೆಲ.

ಕರ್ನಲ್‌ನಲ್ಲಿ ಆಗಿದ್ದೂ ಇದೇ. ಪಟ್ಟಿ ಓದುತ್ತಲೇ ಅದರಿಂದ ತೆಗೆಯುವುದಕ್ಕೆ ‘ಲಿಸ್ಟ್ ಫಾರ್ ಈಚ್ ಎಂಟ್ರಿ ಸೇಫ್’ ಅನ್ನುವ ಮ್ಯಾಕ್ರೋ, ಅಂದರೆ ಸಿದ್ಧ ಕೋಡ್ ತುಣುಕು ಇದೆ. ಅದು ಮುಂದಿನ ಎಂಟ್ರಿಯ ವಿಳಾಸವನ್ನು ಮೊದಲೇ ಎತ್ತಿಟ್ಟುಕೊಂಡಿರುತ್ತದೆ. ಹೆಸರಿನಲ್ಲಿರುವ ‘ಸೇಫ್’ ನೋಡಿ ಎಷ್ಟೋ ಜನ ಮೋಸ ಹೋಗುತ್ತಾರೆ. ಕೈಯಲ್ಲಿರುವ ಒಂದು ಎಂಟ್ರಿಯನ್ನು ತೆಗೆದರೆ ಮಾತ್ರ ಅದು ಸೇಫ್. ಎತ್ತಿಟ್ಟುಕೊಂಡ ಆ ಮುಂದಿನದ್ದೇ ಮಾಯವಾದರೆ ಅದಕ್ಕೆ ಯಾವ ರಕ್ಷಣೆಯೂ ಇಲ್ಲ. ಪಿಎಫ್ ತೆಗೆದಾಗ ಮಾಯವಾಗುವುದು ಸರಿಯಾಗಿ ಆ ಮುಂದಿನದ್ದೇ, ಒಂದು ವಿಎಫ್. ಬಿಟ್ಟುಕೊಟ್ಟ ಮೆಮೊರಿಗೆ ಕರ್ನಲ್ ಮತ್ತೆ ಕೈ ಹಾಕುತ್ತದೆ, ಕ್ರ್ಯಾಶ್ ಆಗುತ್ತದೆ. ಮಾಮೂಲಿ ಕಾರ್ಡ್‌ನಲ್ಲಿ ಹಿಂದೆ ವಿಎಫ್‌ಗಳೇ ಇರುವುದಿಲ್ಲ, ಅದಕ್ಕೇ ತೊಂದರೆಯಿಲ್ಲ.

ಈ ಬಗ್ ಲಿನಕ್ಸ್ 3.9 ಮತ್ತು 3.10ರಲ್ಲಿ ನಿಜವಾಗಿ ಇತ್ತು. ಅದು ಬಂದ ದಾರಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಮುಂಚೆ ಪಿಸಿಐಇ ಹಾಟ್‌ಪ್ಲಗ್ ಕೋಡ್ (ಮಷಿನ್ ಓಡುತ್ತಿರುವಾಗಲೇ ಕಾರ್ಡ್ ಹಾಕಿ ತೆಗೆಯುವುದನ್ನು ನೋಡಿಕೊಳ್ಳುವ ಭಾಗ) 0ಯಿಂದ 7ರವರೆಗಿನ ಫಂಕ್ಷನ್‌ಗಳನ್ನು ಒಂದೊಂದಾಗಿ ‘ಇದೆಯಾ?’ ಅಂತ ಕೇಳುತ್ತಿತ್ತು. ಪ್ರತಿ ಸಲ ಹೊಸದಾಗಿ ಕೇಳುತ್ತಿದ್ದರಿಂದ ಹಳೆಯ ವಿಳಾಸ ಹಿಡಿದುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಆದರೆ ಸ್ಲಾಟ್‌ನಲ್ಲಿ ಅದಕ್ಕಿಂತ ಜಾಸ್ತಿ ಫಂಕ್ಷನ್ ಇರಬಹುದಲ್ವಾ? ಅದಕ್ಕೆ ಇಡೀ ಪಟ್ಟಿಯನ್ನೇ ಓದುವಂತೆ ಬದಲಾಯಿಸಿದರು. ಬದಲಾವಣೆ ಸರಿಯಾದದ್ದೇ, ಆದರೆ ಅದರ ಜೊತೆ ಈ ಬಗ್ಗೂ ಬಂತು. ಪಿಸಿಐ ಕೋಡ್‌ನ ಇನ್ನೊಂದು ಭಾಗದಲ್ಲಿ ಇದೇ ಥರದ ತೊಂದರೆಯನ್ನು ಅದಕ್ಕೂ ಮೊದಲೇ ಸರಿಮಾಡಿದ್ದರು. ಅಲ್ಲಿ ಕಲಿತದ್ದು ಇಲ್ಲಿಗೆ ತಲುಪಿರಲಿಲ್ಲ, ಅಷ್ಟೇ.

ಪರಿಹಾರ ಎರಡೂ ಕಡೆ ಒಂದೇ: ಪಟ್ಟಿಯನ್ನು ಹಿಂದಿನಿಂದ ಓದುವುದು. ಪಂಕ್ತಿಯ ಕೊನೆಯಿಂದ ಎಲೆ ತೆಗೆಯುತ್ತಾ ಬಂದರೆ ಮಕ್ಕಳದ್ದು ಮೊದಲು, ಹಿರಿಯರದ್ದು ಕೊನೆಗೆ. ವಿಎಫ್‌ಗಳು ಒಂದೊಂದಾಗಿ ಹೋಗುತ್ತವೆ, ಆಮೇಲೆ ಪಿಎಫ್. ಪಿಎಫ್ ತನ್ನ ವಿಎಫ್‌ಗಳನ್ನು ಹುಡುಕಲು ಹೊರಟಾಗ ಯಾವುದೂ ಸಿಗುವುದಿಲ್ಲ, ಸುಮ್ನೆ ಮುಂದೆ ಹೋಗುತ್ತದೆ. ಕೋಡ್‌ನಲ್ಲಿ ‘ಸೇಫ್’ ಪಕ್ಕಕ್ಕೆ ‘ರಿವರ್ಸ್’ ಸೇರಿತು. ಹೀಗೆ ಉಲ್ಟಾ ಯಾಕೆ ಅಂತ ಮೇಲೆ ಒಂದು ಕಾಮೆಂಟ್ ಕೂಡ ಬರೆದಿದ್ದಾರೆ. ಆ ಕಾಮೆಂಟ್ ಬಹಳ ಬೆಲೆಯುಳ್ಳದ್ದು. ಈ ಪರಿಹಾರ ನಿಂತಿರುವುದೇ ‘ವಿಎಫ್‌ಗಳು ಪಿಎಫ್‌ನ ಹಿಂದೆ ಇರುತ್ತವೆ’ ಅನ್ನುವ ನಂಬಿಕೆಯ ಮೇಲೆ. ಅದು ಗೊತ್ತಿಲ್ಲದವರು ನಾಳೆ ಲೂಪನ್ನು ಮತ್ತೆ ನೇರ ಮಾಡಿಬಿಡಬಹುದು.

ಹಾಗಾದರೆ ನೀವೇನು ಮಾಡಬೇಕು? ನಿಮ್ಮದು ಆ ಕಾಲದ ಕರ್ನಲ್ ಆಗಿದ್ದರೆ ಮೊದಲು ಅಪ್‌ಡೇಟ್ ಮಾಡಿ. ಕರ್ನಲ್ ಯಾವುದೇ ಇರಲಿ, ಕಾರ್ಡ್ ತೆಗೆಯುವ ಮುಂಚೆ ವಿಎಫ್‌ಗಳನ್ನು ನೀವೇ ಮುಚ್ಚಿ. ವರ್ಚುವಲ್ ಮಷಿನ್‌ಗಳಿಗೆ ಕೊಟ್ಟ ವಿಎಫ್‌ಗಳನ್ನು ಮೊದಲು ವಾಪಸ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಮಷಿನ್ ಅದನ್ನು ಬಿಡುವವರೆಗೂ ತೆಗೆಯುವ ಕೆಲಸ ಕಾಯುತ್ತಾ ನಿಂತುಬಿಡಬಹುದು. ಆಮೇಲೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನು ಫೈಲ್‌ಗಳಂತೆ ತೋರಿಸುವ ಜಾಗ, /sys) ಆ ಕಾರ್ಡಿನ ‘ಎಸ್‌ಆರ್‌ಐಒವಿ_ನಮ್‌ವಿಎಫ್‌ಎಸ್’ (sriov_numvfs) ಫೈಲ್‌ಗೆ 0 ಬರೆಯಿರಿ. ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಓಡಿಸಿ, ವಿಎಫ್ ಒಂದೂ ಉಳಿದಿಲ್ಲ ಅಂತ ಕಣ್ಣಾರೆ ನೋಡಿಕೊಳ್ಳಿ. ಆಮೇಲೆಯೇ ಸ್ಲಾಟ್‌ನ ಬಟನ್ ಒತ್ತಿ. ದೀಪ 5 ಸೆಕೆಂಡ್ ಮಿನುಗುತ್ತದೆ. ಅಷ್ಟರೊಳಗೆ ಮತ್ತೆ ಒತ್ತಿದರೆ ರದ್ದಾಗುತ್ತದೆ. ಪವರ್ ದೀಪ ಪೂರ್ತಿ ಆರುವವರೆಗೆ ಕಾರ್ಡ್ ಮುಟ್ಟಬೇಡಿ.

ಹೊಸ ಕರ್ನಲ್‌ನಲ್ಲೂ ಕ್ರ್ಯಾಶ್ ಆದರೆ ಕೆಡಂಪ್ (ಕ್ರ್ಯಾಶ್ ಆದಾಗಿನ ಮೆಮೊರಿಯನ್ನು ಉಳಿಸಿಡುವ ಸೌಲಭ್ಯ) ಆನ್ ಮಾಡಿ ಊಪ್ಸ್ ಸಂದೇಶ, ಅಂದರೆ ಕರ್ನಲ್ ಬೀಳುವಾಗ ಬರೆಯುವ ವರದಿ ಹಿಡಿಯಿರಿ. ಎಲ್ಲಿ ಬಿತ್ತು ಅಂತ ಹೇಳುವ ‘ಆರ್‌ಐಪಿ’ (RIP) ಸಾಲಿನಲ್ಲಿ ಕೋಡ್‌ನ ಯಾವ ಫಂಕ್ಷನ್ ಹೆಸರಿದೆ ನೋಡಿ. ‘ಪಿಸಿಐಇಹೆಚ್‌ಪಿ’ (pciehp) ಅಂತ ಶುರುವಾದರೆ ಹಾಟ್‌ಪ್ಲಗ್ ಕೋಡ್ ಕಡೆ ಹುಡುಕಿ. ಡ್ರೈವರ್ ಹೆಸರಿದ್ದರೆ ಕಥೆ ಬೇರೆ. ಹೇಳದೆ ಕೇಳದೆ ಕಿತ್ತ ಕಾರ್ಡಿನ ರಿಜಿಸ್ಟರ್ ಓದಿದರೆ 32 ಬಿಟ್‌ಗಳೂ 1 ಆಗಿಯೇ ಬರುತ್ತವೆ. ಡ್ರೈವರ್ ಅದನ್ನು ನಿಜವಾದ ಸಂಖ್ಯೆ ಅಂತ ನಂಬಿ ಅರೇಯ ಇಂಡೆಕ್ಸ್ ಮಾಡಿಕೊಂಡರೆ ಅಲ್ಲೇ ಬೀಳುತ್ತದೆ. ‘ಡ್ರೈವರ್ ಲೆಫ್ಟ್ ಎಸ್‌ಆರ್-ಐಒವಿ ಎನೇಬಲ್ಡ್ ಆಫ್ಟರ್ ರಿಮೂವ್’ ಅನ್ನುವ ಎಚ್ಚರಿಕೆ ಲಾಗ್‌ನಲ್ಲಿ ಕಂಡರೆ, ಡ್ರೈವರ್ ತಾನು ಹೋಗುವಾಗ ವಿಎಫ್‌ಗಳನ್ನು ಮುಚ್ಚದೆ ಹೋಗಿದೆ ಅಂತ ಅರ್ಥ. ಆಗ ಬಗ್ ರಿಪೋರ್ಟ್ ಹೋಗಬೇಕಾದ್ದು ಡ್ರೈವರ್ ನೋಡಿಕೊಳ್ಳುವವರಿಗೆ. ಜೊತೆಗೆ ಇಡೀ ಊಪ್ಸ್ ಮತ್ತು ಆಗ ಎಷ್ಟು ವಿಎಫ್ ಆನ್ ಇದ್ದವು ಅನ್ನೋದನ್ನೂ ಕಳಿಸಿ.